ಶೈಕ್ಷಣಿಕ ತಂತ್ರಜ್ಞಾನದ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ವಿದೇಶ ಅಧ್ಯಯನ ಭೇಟಿಯ ದಾರಿ ತೆರೆಯಿರಿ: ಉನ್ನತ ಶಿಕ್ಷಣ ಸಚಿವರಿಗೆ, ಕುಲಪತಿಗಳಿಗೆ ಬಹಿರಂಗ ಪತ್ರ

ಕರ್ನಾಟಕದ ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ, ರಾಜ್ಯ ಉನ್ನತ ಶಿಕ್ಷಣ ಪರಿಷತ್ತಿನವರಿಗೆ ಮತ್ತು ನಮ್ಮ ಸರ್ಕಾರಿ ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ,

ನಮಸ್ಕಾರ.

ನಮ್ಮ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಶೈಕ್ಷಣಿಕ ತಂತ್ರಜ್ಞಾನದ ಮೇಲೆ, ಅಂದರೆ ಟಿವಿ, ಕಂಪ್ಯೂಟರ್, ಟ್ಯಾಬ್‌ನಂಥ ಸಾಧನಗಳಿಂದ ಕಲಿಸುವ ಬಗ್ಗೆ, ಪಿಎಚ್‌ಡಿ ಮಾಡುತ್ತಿರುವವರಿಗೆ ಮೂರರಿಂದ ಆರು ತಿಂಗಳು ಹೊರದೇಶದ ಒಂದು ಸಂಶೋಧನಾ ತಂಡದ ಜೊತೆ ಕೆಲಸ ಮಾಡುವ ಅವಕಾಶ ಸಿಗಬೇಕು. ಅದಕ್ಕೆ ಹಣ ಬೇಕು, ಅನುಮತಿ ಬೇಕು, ಯಾರು ಕೇಳಿದರೂ ತೋರಿಸಬಹುದಾದ ಒಂದು ನಿಯಮ ಬೇಕು. ನಾನು ಕೇಳುತ್ತಿರುವುದು ಇಷ್ಟೇ. ಆದರೆ ಯಾಕೆ ಕೇಳುತ್ತಿದ್ದೇನೆ ಅನ್ನುವುದಕ್ಕೆ ಸ್ವಲ್ಪ ವಿವರ ಬೇಕು. ದಯವಿಟ್ಟು ಪೂರ್ತಿ ಓದಿ.

ನಾನು ಈಗ ಒಂದು ಬಿ.ಎಡ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಅದಕ್ಕೂ ಮೊದಲು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕಿಯಾಗಿದ್ದೆ. ಕನ್ನಡ ಮಾಧ್ಯಮದ ಮಕ್ಕಳು ಟ್ಯಾಬ್‌ನಲ್ಲಿ ಭಿನ್ನರಾಶಿ ಕಲಿಯುವಾಗ ಏನಾಗುತ್ತದೆ ಅನ್ನುವುದು ನನ್ನ ಪಿಎಚ್‌ಡಿಯ ವಿಷಯ. ಅದರ ನಡುವೆ ಉತ್ತರ ಯುರೋಪಿನ ಒಂದು ದೇಶದವರದೇ ವಿದ್ಯಾರ್ಥಿವೇತನದಲ್ಲಿ ಅಲ್ಲಿನ ಒಂದು ವಿಶ್ವವಿದ್ಯಾಲಯಕ್ಕೆ ಕೆಲವು ತಿಂಗಳು ಹೋಗಿಬಂದೆ. ನನಗೆ ಸಿಕ್ಕಿತು, ನನ್ನ ಜೊತೆಯವರಿಗೆ ಸಿಗಲಿಲ್ಲ. ಈ ಪತ್ರ ಅವರಿಗಾಗಿ, ಇನ್ನು ಮುಂದೆ ಬರುವವರಿಗಾಗಿ.

ತರಗತಿಗೆ ತಂತ್ರಜ್ಞಾನ ತರುವುದರಲ್ಲಿ ನಮ್ಮ ರಾಜ್ಯ ಯಾವತ್ತೂ ಹಿಂದೆ ಉಳಿದಿಲ್ಲ. 1975ರ ಆಗಸ್ಟ್ 1ರಂದು ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ಪಾಠ ತಲುಪಿಸುವ 'ಸೈಟ್' ಪ್ರಯೋಗ ಶುರುವಾಯಿತು. ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷ ಭಾರತದ ಬಳಕೆಗೆ ಬಿಟ್ಟುಕೊಟ್ಟಿತ್ತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂತು. ನಮ್ಮಲ್ಲಿ ಆಗಿನ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಬೆಳಿಗ್ಗೆ ಶಾಲೆ ಮಕ್ಕಳಿಗೆ ಒಂದೂವರೆ ಗಂಟೆ, ಸಂಜೆ ದೊಡ್ಡವರಿಗೆ ಎರಡೂವರೆ ಗಂಟೆ ಕಾರ್ಯಕ್ರಮ. ಬೆಂಗಳೂರಿನ ಎಷ್ಟೋ ಮನೆಗಳು ಟಿವಿಯ ಮುಖ ನೋಡುವ ಮೊದಲೇ ಆ ಹಳ್ಳಿಗಳ ಮಕ್ಕಳು ಟಿವಿಯಲ್ಲಿ ಪಾಠ ಕೇಳಿದ್ದರು. ಆಮೇಲೆ 'ಮಾಹಿತಿ ಸಿಂಧು' ಬಂತು, ಒಂದು ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಕೊಟ್ಟಿತು. 2004ರ ಸೆಪ್ಟೆಂಬರ್‌ನಲ್ಲಿ ಇಸ್ರೋ ಶಿಕ್ಷಣಕ್ಕೆಂದೇ ಮಾಡಿದ ಎಜುಸ್ಯಾಟ್ ಉಪಗ್ರಹ ಹಾರಿಸಿದಾಗ ಪ್ರಾಥಮಿಕ ಶಾಲೆಗಳ ಪ್ರಯೋಗಕ್ಕೆ ಆಯ್ಕೆಯಾದದ್ದು ಚಾಮರಾಜನಗರ ಜಿಲ್ಲೆ. ಆಮೇಲೆ ತಂತ್ರಜ್ಞಾನದ ನೆರವಿನಿಂದ ಕಲಿಸುವ ಟಾಲ್ಪ್ ಯೋಜನೆ. ಕೊರೊನಾ ಕಾಲದಲ್ಲಿ ವಿದ್ಯಾಗಮ, ಚಂದನ ವಾಹಿನಿಯ ಸಂವೇದ ಪಾಠಗಳು. ದೇಶವೆಲ್ಲ ಬಳಸುವ ಆನ್‌ಲೈನ್ ಪಾಠಗಳ ದೀಕ್ಷಾ ವೇದಿಕೆಯ ಅಡಿಪಾಯದ ತಂತ್ರಾಂಶ ಕೂಡ ಬೆಂಗಳೂರಿನಲ್ಲೇ ರೂಪುಗೊಂಡದ್ದು. ಈಗ ಎಐ ಸರದಿ.

ಐವತ್ತು ವರ್ಷದಿಂದ ನಮ್ಮ ಮಕ್ಕಳ ಮುಂದೆ ಒಂದಾದ ಮೇಲೊಂದು ಯಂತ್ರ ಬಂದು ಕೂತಿದೆ. ಆದರೆ ಪ್ರತಿ ಸಲವೂ ಒಂದೇ ಪ್ರಶ್ನೆ ಉಳಿಯುತ್ತದೆ. ಇದರಿಂದ ಮಕ್ಕಳು ಏನು ಕಲಿತರು? ಯಾರು ಕಲಿತರು, ಯಾರು ಹಿಂದೆ ಉಳಿದರು? ಈ ಪ್ರಶ್ನೆಗೆ ಗಟ್ಟಿಯಾದ ಉತ್ತರ ಕೊಡಬಲ್ಲವರು ನಮ್ಮ ವಿಶ್ವವಿದ್ಯಾಲಯಗಳ ಶಿಕ್ಷಣ ವಿಭಾಗಗಳಲ್ಲೇ ಇರಬೇಕಿತ್ತು. ಅಧ್ಯಯನ ನಡೆದೇ ಇಲ್ಲ ಅಂತ ನಾನು ಹೇಳುವುದಿಲ್ಲ. ನಡೆದಿವೆ. ಒಳ್ಳೆಯವೂ ಇವೆ. ಆದರೆ ಸರ್ಕಾರ ಸ್ಮಾರ್ಟ್ ಕ್ಲಾಸ್ ಟೆಂಡರ್ ಕರೆಯುವ ಮೊದಲು ಮೈಸೂರಿನದೋ ಧಾರವಾಡದದೋ ಕಲಬುರಗಿಯದೋ ಪಿಎಚ್‌ಡಿ ಪ್ರಬಂಧ ತೆಗೆದು ನೋಡಿದ್ದನ್ನು ನಾನಂತೂ ಕಂಡಿಲ್ಲ. ಅದರಲ್ಲಿ ಸರ್ಕಾರದ ತಪ್ಪೂ ಇದೆ, ನಮ್ಮ ಪ್ರಬಂಧಗಳ ಬಡತನವೂ ಇದೆ. ಎರಡನ್ನೂ ಒಪ್ಪಿಕೊಳ್ಳೋಣ.

ಒಂದು ಉದಾಹರಣೆ ಕೊಡುತ್ತೇನೆ. ಭಾರತದಲ್ಲಿ ಕಂಪ್ಯೂಟರ್ ಕಲಿಕೆಯ ಬಗ್ಗೆ ಜಗತ್ತು ಅತಿ ಹೆಚ್ಚು ಉಲ್ಲೇಖಿಸುವ ಅಧ್ಯಯನಗಳಲ್ಲಿ ಮೈಂಡ್‌ಸ್ಪಾರ್ಕ್ ಅಧ್ಯಯನ ಒಂದು. 2019ರಲ್ಲಿ ಪ್ರಕಟವಾಯಿತು. ದೆಹಲಿಯ ಮಕ್ಕಳ ಮೇಲೆ ನಡೆದದ್ದು. ಪ್ರತಿ ಮಗುವಿನ ಮಟ್ಟ ನೋಡಿ ಪಾಠ ಕೊಡುವ ತಂತ್ರಾಂಶ ಅದು. ಶಾಲೆ ಮುಗಿದ ಮೇಲೆ ಕೇಂದ್ರಕ್ಕೆ ಬಂದು ಕಲಿಯಲು ಅವಕಾಶ ಸಿಕ್ಕ ಮಕ್ಕಳು ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲೂ ಹಿಂದಿಯಲ್ಲೂ ಉಳಿದವರಿಗಿಂತ ಎದ್ದು ಕಾಣುವಷ್ಟು ಮುಂದೆ ಹೋದರು ಅಂತ ಅದು ತೋರಿಸಿತು. ಬಹಳ ಅಚ್ಚುಕಟ್ಟಾದ ಕೆಲಸ, ನಾನು ನನ್ನ ವಿದ್ಯಾರ್ಥಿಗಳಿಗೆ ಅದನ್ನು ಪಾಠ ಮಾಡುತ್ತೇನೆ. ಅದನ್ನು ಬರೆದ ಮೂವರೂ ಅಮೆರಿಕ ಮತ್ತು ಸ್ವೀಡನ್ನಿನ ವಿಶ್ವವಿದ್ಯಾಲಯಗಳಲ್ಲಿ ಕೆಲಸ ಮಾಡುವವರು. ನನಗೆ ಅವರ ಮೇಲೆ ಒಂದಿಷ್ಟೂ ಅಸಮಾಧಾನ ಇಲ್ಲ, ಗೌರವವೇ ಇದೆ. ಆದರೆ ನಮ್ಮ ಮಕ್ಕಳ ಬಗ್ಗೆ ಇಂಥದ್ದೊಂದು ಅಧ್ಯಯನ ನಮ್ಮ ರಾಜ್ಯದ ವಿಶ್ವವಿದ್ಯಾಲಯವೊಂದರಿಂದ ಬರಬೇಕು, ಕನ್ನಡ ಶಾಲೆಗಳ ಬಗ್ಗೆ ಬರಬೇಕು ಅನ್ನುವ ಆಸೆ ತಪ್ಪಲ್ಲ, ಅಲ್ವಾ?

ಅದು ಬರಬೇಕಾದರೆ ಕೆಲವು ಕೆಲಸ ಕಲಿಯಬೇಕು. ಅವು ಪುಸ್ತಕ ಓದಿ ಬರುವುದಿಲ್ಲ.

ನಾನು ಯುರೋಪಿನ ಆ ವಿಶ್ವವಿದ್ಯಾಲಯದಲ್ಲಿ ಕಂಡದ್ದನ್ನೇ ಹೇಳುತ್ತೇನೆ. ಆ ವಿಭಾಗದಲ್ಲಿ ವಾರಕ್ಕೊಮ್ಮೆ ಎಲ್ಲರೂ ಒಂದು ಕೋಣೆಯಲ್ಲಿ ಸೇರುತ್ತಿದ್ದರು. ಪ್ರೊಫೆಸರ್, ಪಿಎಚ್‌ಡಿ ಮಾಡುವವರು, ತಂತ್ರಾಂಶ ಬರೆಯುವ ಎಂಜಿನಿಯರ್, ಒಮ್ಮೊಮ್ಮೆ ಶಾಲೆಯ ಟೀಚರ್ ಕೂಡ. ಯಾರಾದರೂ ಒಬ್ಬರು ತಮ್ಮ ತರಗತಿ ವಿಡಿಯೋದ ಎರಡೋ ಮೂರೋ ನಿಮಿಷದ ತುಣುಕು ಹಾಕಬೇಕು. ಅಷ್ಟನ್ನೇ ಒಂದೂವರೆ ಎರಡು ಗಂಟೆ ನೋಡುತ್ತಾರೆ. ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೆ ನೋಡುತ್ತಾರೆ. ಮಗುವಿನ ಮನಸ್ಸಿನಲ್ಲಿ ಏನಿತ್ತು ಅಂತ ಊಹೆ ಹೇಳುವ ಹಾಗಿಲ್ಲ. ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು ಮಾತ್ರ ಹೇಳಬೇಕು.

ನನ್ನ ಸರದಿ ಬಂದಾಗ ನಮ್ಮ ಕಡೆಯ ಶಾಲೆಯ ಒಂದು ತುಣುಕು ಹಾಕಿದೆ. ಅಪ್ಪ ಅಮ್ಮಂದಿರ ಒಪ್ಪಿಗೆ ಪಡೆದು, ಮಕ್ಕಳ ಮುಖ ಮಸುಕು ಮಾಡಿ, ಕನ್ನಡ ಮಾತಿಗೆ ಇಂಗ್ಲಿಷ್ ಸಾಲು ಸೇರಿಸಿಕೊಂಡು ಹೋಗಿದ್ದೆ. ನಾಲ್ಕು ಮಕ್ಕಳು, ಒಂದು ಟ್ಯಾಬ್. ಅದರಲ್ಲಿ ಒಬ್ಬ ಹುಡುಗಿ ಪ್ರತಿ ಸಲ ಉತ್ತರ ಒತ್ತುವ ಮೊದಲು ಪಕ್ಕದ ಹುಡುಗನ ಕೈ ನೋಡುತ್ತಾಳೆ. ಆ ವಿಡಿಯೋ ನಾನು ಎಷ್ಟೋ ಸಲ ನೋಡಿದ್ದೆ, ಅದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಅಲ್ಲಿದ್ದ ಒಬ್ಬರು ಕೇಳಿದರು: ಆ ಟ್ಯಾಬ್‌ನ ದಾಖಲೆಯಲ್ಲಿ ಈ ಉತ್ತರ ಯಾರ ಹೆಸರಿಗೆ ಹೋಗುತ್ತದೆ? ಹುಡುಗಿಯ ಹೆಸರಿಗೆ. ಅಂದರೆ ತಂತ್ರಾಂಶದ ಪ್ರಕಾರ ಅವಳಿಗೆ ಭಿನ್ನರಾಶಿ ಬರುತ್ತದೆ. ವಿಡಿಯೋ ಪ್ರಕಾರ ಅವಳು ಪಕ್ಕದವನ ಕೈ ನೋಡಿ ಒತ್ತುತ್ತಿದ್ದಾಳೆ. ಇಲಾಖೆಗೆ ಹೋಗುವ ವರದಿಯಲ್ಲಿ ಯಾವುದು ಇರುತ್ತದೆ? ಟ್ಯಾಬ್‌ನ ಲೆಕ್ಕವೇ.

ನನ್ನ ಪ್ರಬಂಧದ ದಿಕ್ಕು ಬದಲಾದದ್ದು ಆ ಪ್ರಶ್ನೆಯಿಂದ. ನಾಲ್ಕು ಮಕ್ಕಳಿಗೆ ಒಂದು ಯಂತ್ರ ಇರುವಲ್ಲಿ ಯಂತ್ರ ಕೊಡುವ ಅಂಕವನ್ನು ಎಷ್ಟು ನಂಬಬೇಕು ಅನ್ನುವುದು ನಮ್ಮ ಶಾಲೆಗಳ ಪ್ರಶ್ನೆ. ಅವರ ಶಾಲೆಗಳಲ್ಲಿ ಮಗುವಿಗೊಂದು ಸಾಧನ ಇರುತ್ತದೆ, ಅವರಿಗೆ ಈ ತೊಂದರೆ ಅಷ್ಟಾಗಿ ಬರುವುದಿಲ್ಲ. ಪ್ರಶ್ನೆ ನಮ್ಮದು, ಅದನ್ನು ಕಾಣುವ ಅಭ್ಯಾಸ ಅವರಿಂದ ಕಲಿತದ್ದು. ಭೇಟಿಯಿಂದ ಸಿಗಬೇಕಾದದ್ದು ಇದೇ.

ಇದನ್ನೆಲ್ಲ ಝೂಮ್‌ನಲ್ಲೇ ಮಾಡಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ಉಪನ್ಯಾಸ ಕೇಳಬಹುದು, ನಿಜ. ಆದರೆ ಒಂದು ತಂಡ ತನ್ನ ಸೋತ ಪ್ರಯೋಗವನ್ನು ಹೇಗೆ ಬಿಚ್ಚಿ ನೋಡುತ್ತದೆ, ಯಾವ ದತ್ತಾಂಶವನ್ನು ಬಳಸಬಾರದು ಅಂತ ಹೇಗೆ ತೀರ್ಮಾನಿಸುತ್ತದೆ, ಒಬ್ಬ ಪಿಎಚ್‌ಡಿ ವಿದ್ಯಾರ್ಥಿ ತನ್ನ ಪ್ರೊಫೆಸರ್‌ಗೆ ಎಲ್ಲರೆದುರು "ಇದು ಸರಿಯಿಲ್ಲ" ಅಂತ ಹೇಗೆ ಹೇಳುತ್ತಾನೆ, ಇವು ಪರದೆಯ ಮೇಲೆ ಕಾಣುವುದಿಲ್ಲ. ಕಡೆಯದಂತೂ ನಮ್ಮ ವಿಭಾಗಗಳಿಗೆ ತುರ್ತಾಗಿ ಬೇಕು.

ಈಗ ಹಣದ ದಾರಿ ನೋಡಿ. ಫುಲ್‌ಬ್ರೈಟ್-ನೆಹರು ಡಾಕ್ಟರಲ್ ಫೆಲೋಶಿಪ್ ಇದೆ, ಅಮೆರಿಕಕ್ಕೆ ಆರರಿಂದ ಒಂಬತ್ತು ತಿಂಗಳು. ಜರ್ಮನಿಗೆ ಹೋಗಲು ಡಾಡ್ (ಡಿಎಎಡಿ) ವಿದ್ಯಾರ್ಥಿವೇತನ ಇದೆ. ಇವು ಒಳ್ಳೆಯ ಅವಕಾಶಗಳು. ಆದರೆ ಇಡೀ ದೇಶಕ್ಕೆ, ಎಲ್ಲ ವಿಷಯಗಳಿಗೆ ಸೇರಿ ಇರುವಂಥವು. ಐಐಟಿ, ಕೇಂದ್ರೀಯ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳ ಜೊತೆ ನಮ್ಮ ಯಾದಗಿರಿ, ಕೊಪ್ಪಳದ ಹುಡುಗ ಹುಡುಗಿಯರು ಸ್ಪರ್ಧೆ ಮಾಡಬೇಕು. ಕೇಂದ್ರದ ವಿಜ್ಞಾನ, ಎಂಜಿನಿಯರಿಂಗ್ ಸಂಶೋಧನಾ ಮಂಡಳಿ (ಎಸ್‌ಇಆರ್‌ಬಿ) ನಡೆಸುತ್ತಿದ್ದ ಓವರ್‌ಸೀಸ್ ವಿಸಿಟಿಂಗ್ ಡಾಕ್ಟರಲ್ ಫೆಲೋಶಿಪ್ ವಿಜ್ಞಾನ, ಎಂಜಿನಿಯರಿಂಗ್‌ನವರಿಗೆ. ರಾಜ್ಯದ ಕೆಸ್ಟೆಪ್ಸ್ ಸಂಸ್ಥೆಯ ಪಿಎಚ್‌ಡಿ ನೆರವೂ ವಿಜ್ಞಾನ, ತಂತ್ರಜ್ಞಾನದವರಿಗೆ. ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ, ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇವೆರಡೂ ಹೊರದೇಶದಲ್ಲೇ ಪೂರ್ತಿ ಪದವಿ ಮಾಡುವವರಿಗೆ. ಇಲ್ಲೇ ನೋಂದಣಿ ಮಾಡಿಸಿಕೊಂಡು, ಇಲ್ಲಿನ ಶಾಲೆಗಳಲ್ಲೇ ಕೆಲಸ ಮಾಡುತ್ತಾ, ಕೆಲವು ತಿಂಗಳು ಮಾತ್ರ ಹೋಗಿಬರಬೇಕು ಅನ್ನುವವರಿಗೆ ರಾಜ್ಯದಲ್ಲಿ ಬಾಗಿಲೇ ಇಲ್ಲ.

ಶೈಕ್ಷಣಿಕ ತಂತ್ರಜ್ಞಾನದ ಪಾಡು ಇನ್ನೂ ಕಷ್ಟ. ವಿಜ್ಞಾನದವರು ಇದು ಶಿಕ್ಷಣ ಅನ್ನುತ್ತಾರೆ. ಸಮಾಜ ವಿಜ್ಞಾನದವರು ಇದು ಕಂಪ್ಯೂಟರ್ ಅನ್ನುತ್ತಾರೆ. ಅರ್ಜಿ ನಮೂನೆಯಲ್ಲಿ ವಿಷಯದ ಕಾಲಂ ಬಂದಾಗ ನಮ್ಮ ವಿದ್ಯಾರ್ಥಿ ಪೆನ್ನು ಹಿಡಿದು ಕೂತುಬಿಡುತ್ತಾನೆ. ಐಐಟಿ ಬಾಂಬೆ 2010ರಲ್ಲೇ ಈ ವಿಷಯಕ್ಕೆಂದು ಪ್ರತ್ಯೇಕ ಪಿಎಚ್‌ಡಿ ಕಾರ್ಯಕ್ರಮ ಶುರುಮಾಡಿತು. ಎಂಜಿನಿಯರ್‌ಗಳು, ವಿಜ್ಞಾನಿಗಳು, ಶಿಕ್ಷಕರು ಒಂದೇ ಕಡೆ ಕಲಿಯುತ್ತಾರೆ. ಬೆಂಗಳೂರನ್ನು ಎಡ್‌ಟೆಕ್ ಕಂಪನಿಗಳ ರಾಜಧಾನಿ ಅಂತ ಕರೆಯುವ ನಾವು ನಮ್ಮ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಅಂಥದ್ದೊಂದನ್ನು ಇನ್ನೂ ಗಟ್ಟಿಯಾಗಿ ಕಟ್ಟಿಲ್ಲ. ಅದು ಬೇರೆಯೇ ಪತ್ರದ ವಿಷಯ, ಇಲ್ಲಿಗೆ ಬಿಡುತ್ತೇನೆ.

ನನ್ನ ಜೊತೆ ಸಂಶೋಧನೆ ಮಾಡುತ್ತಿದ್ದ ಒಬ್ಬರ ಕಥೆ ಹೇಳಬೇಕು. ಅವರು ಸರ್ಕಾರಿ ಶಾಲೆಯ ಶಿಕ್ಷಕರು, ಅರೆಕಾಲಿಕ ಪಿಎಚ್‌ಡಿ. ಕಣ್ಣು ಕಾಣದ ಮಕ್ಕಳು ಕನ್ನಡ ಪಠ್ಯವನ್ನು ಫೋನಿನಲ್ಲಿ ಕೇಳಿ ಓದುವ ಬಗ್ಗೆ ಅವರ ಕೆಲಸ. ನನ್ನದಕ್ಕಿಂತ ಎಷ್ಟೋ ಮೇಲಿನ ಕೆಲಸ ಅದು. ಹೊರದೇಶದ ಒಂದು ತಂಡ ಅವರ ಲೇಖನ ಓದಿ ನಾಲ್ಕು ತಿಂಗಳಿಗೆ ಬನ್ನಿ ಅಂತ ತಾನಾಗಿಯೇ ಕರೆಯಿತು. ವಸತಿಯ ಖರ್ಚು ಆ ತಂಡದ್ದೇ. ವಿಮಾನದ ಖರ್ಚು ಮತ್ತು ಅನುಮತಿ ಮಾತ್ರ ನಮ್ಮ ಕಡೆಯಿಂದ ಆಗಬೇಕಿತ್ತು.

ಫೈಲ್ ವಿಭಾಗದಿಂದ ಹೊರಟಿತು. ಪಿಎಚ್‌ಡಿ ವಿದ್ಯಾರ್ಥಿ ಹೊರದೇಶಕ್ಕೆ ಹೋಗಲು ಯಾವ ನಿಯಮದಡಿ ಅನುಮತಿ ಕೊಡಬೇಕು ಅಂತ ಒಂದು ಟೇಬಲ್‌ನಲ್ಲಿ ಷರಾ ಬಿತ್ತು. ನಿಯಮವೇ ಇಲ್ಲ, ಹಾಗಾಗಿ ಉತ್ತರವೂ ಇಲ್ಲ. ಅತ್ತ ಅವರ ಇಲಾಖೆ ಓಓಡಿ, ಅಂದರೆ ಕರ್ತವ್ಯದ ಮೇಲೆ ಹೊರಗಿರುವ ಅನುಮತಿ, ಕೊಡಲು ವಿಶ್ವವಿದ್ಯಾಲಯದ ಪತ್ರ ಕೇಳಿತು. ವಿಶ್ವವಿದ್ಯಾಲಯ ಮೊದಲು ಇಲಾಖೆಯ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ತನ್ನಿ ಅಂದಿತು. ಈ ನಡುವೆ ಕರೆದ ತಂಡದವರು ಎಥಿಕ್ಸ್ ಕಮಿಟಿಯ, ಅಂದರೆ ಸಂಶೋಧನೆಯ ನೀತಿ ಪರಿಶೀಲಿಸುವ ಸಮಿತಿಯ, ಒಪ್ಪಿಗೆ ಪತ್ರ ಕಳಿಸಿ ಅಂದರು, ಮಕ್ಕಳ ಮೇಲಿನ ಸಂಶೋಧನೆ ಅಲ್ಲವೇ. ವಿಭಾಗದಲ್ಲಿ ಅಂಥ ಸಮಿತಿಯೇ ಇರಲಿಲ್ಲ. ಕೊನೆಗೆ ಕರೆದ ದಿನಾಂಕವೇ ದಾಟಿಹೋಯಿತು. ಯಾರೂ ಬೇಕೆಂದು ಅನ್ಯಾಯ ಮಾಡಲಿಲ್ಲ. ಯಾರೂ ಇಲ್ಲ ಅನ್ನಲೂ ಇಲ್ಲ. ಹೌದು ಅನ್ನುವ ಅಧಿಕಾರ ಯಾರಿಗಿದೆ ಅನ್ನುವುದು ಯಾರಿಗೂ ಗೊತ್ತಿರಲಿಲ್ಲ ಅಷ್ಟೇ. ಅವರು ಈಗಲೂ ಶಾಲೆಯಲ್ಲಿ ಪಾಠ ಮಾಡುತ್ತಿದ್ದಾರೆ. ಪ್ರಬಂಧ ಇನ್ನೂ ಮುಗಿದಿಲ್ಲ.

ಈ ಅನುಮತಿಗೆ ಕೋಟಿಗಟ್ಟಲೆ ಹಣ ಬೇಕಾಗಿಲ್ಲ. ಎರಡು ಪುಟದ ಸುತ್ತೋಲೆ ಸಾಕಾಗಿತ್ತು. ಕುಲಪತಿಗಳೇ, ಇದು ನಿಮ್ಮ ಕೈಯಲ್ಲೇ ಇದೆ. ಮಾರ್ಗದರ್ಶಕರು ಮತ್ತು ವಿಭಾಗದ ಮುಖ್ಯಸ್ಥರು ಒಪ್ಪಿದರೆ ಇಂತಿಷ್ಟು ದಿನದೊಳಗೆ ಕುಲಸಚಿವರು ಅನುಮತಿ ಕೊಡಬೇಕು ಅಂತ ಸಿಂಡಿಕೇಟ್‌ನಲ್ಲಿ ಒಂದು ನಿರ್ಣಯ ಮಾಡಿ. ಹೊರಗಿದ್ದ ತಿಂಗಳುಗಳನ್ನು ಹಾಜರಾತಿ ಅಂತ ಎಣಿಸಿ. ಫೆಲೋಶಿಪ್ ಬಿಲ್‌ಗೆ ಪ್ರತಿ ತಿಂಗಳು ವಿಭಾಗದಲ್ಲಿ ಸಹಿ ಹಾಕಲೇಬೇಕು ಅಂದರೆ ಹೊರಗೆ ಹೋದವರ ಫೆಲೋಶಿಪ್ ನಿಂತುಹೋಗುತ್ತದೆ. ಅಲ್ಲಿನ ಮೇಲ್ವಿಚಾರಕರ ಪತ್ರವನ್ನೇ ಹಾಜರಾತಿಯಾಗಿ ಒಪ್ಪಿಕೊಳ್ಳಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದಲ್ಲಿ ಪಿಎಚ್‌ಡಿಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಆ ಗಡಿಯೊಳಗೆ ನಾಲ್ಕು ತಿಂಗಳ ಭೇಟಿಗೆ ಜಾಗ ಮಾಡುವುದು ಕಷ್ಟವೇನಲ್ಲ, ಮೊದಲೇ ಯೋಜನೆ ಹಾಕಿದರೆ.

ಎಥಿಕ್ಸ್ ಕಮಿಟಿ ಬಗ್ಗೆಯೂ ಗಂಭೀರವಾಗಿ ಯೋಚಿಸಿ. ಅದನ್ನು ಹೊರದೇಶದವರು ಕೇಳುತ್ತಾರೆ ಅನ್ನುವ ಕಾರಣಕ್ಕೆ ಮಾತ್ರ ಮಾಡಬೇಡಿ. 2023ರಲ್ಲಿ ನಮ್ಮ ದೇಶದ್ದೇ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಬಂದಿದೆ. 18 ವರ್ಷದೊಳಗಿನವರ ದತ್ತಾಂಶ ಬಳಸಲು ಪೋಷಕರ ಒಪ್ಪಿಗೆ ಬೇಕು ಅಂತ ಅದು ಹೇಳುತ್ತದೆ. ಒಂದು ಹಳ್ಳಿ ಶಾಲೆಯ ಮಗುವಿನ ದನಿ, ಮುಖ, ತಪ್ಪು ಉತ್ತರ ಎಲ್ಲವೂ ಆ ಮಗುವಿನದು. ಅದನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಸುಮ್ನೆ ವಿಮಾನ ಹತ್ತುವ ಹಾಗಿಲ್ಲ. ಅಪ್ಪ ಅಮ್ಮನಿಗೆ ಅರ್ಥವಾಗುವ ಕನ್ನಡದಲ್ಲಿ ಒಪ್ಪಿಗೆ ಪತ್ರ ಬರೆಯುವುದು, ಓದಲು ಬಾರದವರಿಗೆ ಕೂತು ವಿವರಿಸುವುದು, ಬೇಡ ಅಂದವರನ್ನು ಬಿಟ್ಟುಬಿಡುವುದು, ಇದನ್ನೆಲ್ಲ ಪರಿಶೀಲಿಸುವ ಒಂದು ಸಮಿತಿ ಪ್ರತಿ ಶಿಕ್ಷಣ ವಿಭಾಗಕ್ಕೂ ಬೇಕೇಬೇಕು.

ಸಚಿವರೇ, ಹಣದ ಮಾತು ನಿಮಗೆ. ನೆಟ್ ಅರ್ಹತಾ ಪರೀಕ್ಷೆಯಲ್ಲಿ ಆಯ್ಕೆಯಾದವರಿಗೆ ಸಿಗುವ ಯುಜಿಸಿ ಸಂಶೋಧನಾ ವೇತನ, ಜೆಆರ್‌ಎಫ್, 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಯೂರೋಗೆ ಬದಲಾಯಿಸಿದರೆ 400 ಕೂಡ ಆಗುವುದಿಲ್ಲ. ಯುರೋಪಿನ ಎಷ್ಟೋ ಊರುಗಳಲ್ಲಿ ಒಂದು ಕೋಣೆಯ ಬಾಡಿಗೆಗೇ ಅದು ಮುಗಿಯುತ್ತದೆ. ಇದು ಜೆಆರ್‌ಎಫ್ ಇರುವವರ ಮಾತು. ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ನೆಟ್ ಇಲ್ಲದ ಪಿಎಚ್‌ಡಿ ವಿದ್ಯಾರ್ಥಿಗೆ ಸಿಗುವುದು ತಿಂಗಳಿಗೆ 8,000. ನಮ್ಮ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಯಾವ ಫೆಲೋಶಿಪ್ಪೂ ಇಲ್ಲದೆ, ಅತಿಥಿ ಉಪನ್ಯಾಸಕರಾಗಿ ದುಡಿಯುತ್ತಾ ಪಿಎಚ್‌ಡಿ ಮಾಡುವವರು ಎಷ್ಟೋ ಜನ.

ನಾಲ್ಕು ತಿಂಗಳ ಭೇಟಿಗೆ ಏನು ಬೇಕು ಅಂತ ನಾನು ಹಾಕಿದ ಅಂದಾಜು ಹೀಗಿದೆ. ತಿಂಗಳಿಗೆ 1,200ರಿಂದ 1,400 ಯೂರೋ ಇದ್ದರೆ ಸಾಧಾರಣವಾಗಿ ಬದುಕಬಹುದು. ಹೋಗಿಬರುವ ವಿಮಾನ, ವೀಸಾ, ವಿಮೆ ಸೇರಿಸಿ ಒಬ್ಬರಿಗೆ ಆರರಿಂದ ಏಳು ಲಕ್ಷ ರೂಪಾಯಿ. ವರ್ಷಕ್ಕೆ 20 ಜನರನ್ನು ಕಳಿಸಿದರೆ ಒಂದೂಕಾಲು, ಒಂದೂವರೆ ಕೋಟಿ. ನಮ್ಮ ಶಾಲೆಗಳಿಗೆ ಕೊಳ್ಳುವ ಪ್ರೊಜೆಕ್ಟರ್, ಟ್ಯಾಬ್, ಸ್ಮಾರ್ಟ್ ಬೋರ್ಡ್‌ಗಳ ಬಿಲ್ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಯಂತ್ರಕ್ಕೆ ಖರ್ಚು ಮಾಡುವ ಹಣದಲ್ಲಿ ಒಂದು ಸಣ್ಣ ಪಾಲನ್ನು ಆ ಯಂತ್ರ ಕೆಲಸಕ್ಕೆ ಬರುತ್ತಿದೆಯಾ ಅಂತ ನೋಡಬಲ್ಲ ಜನರನ್ನು ತಯಾರು ಮಾಡಲು ತೆಗೆದಿಡಿ.

ಹಣ ಮೊದಲೇ ಕೊಡಬೇಕು. ಇದನ್ನು ಒತ್ತಿ ಹೇಳುತ್ತೇನೆ. ಮೊದಲು ನೀವು ಖರ್ಚು ಮಾಡಿ, ಆಮೇಲೆ ಬಿಲ್ ಹಾಕಿ ತಗೊಳ್ಳಿ ಅನ್ನುವ ಪದ್ಧತಿಯಲ್ಲಿ ಉಳ್ಳವರ ಮಕ್ಕಳು ಮಾತ್ರ ಹೋಗುತ್ತಾರೆ. ಬ್ಯಾಂಕಿನಲ್ಲಿ ಹಣ ತೋರಿಸದೆ ವೀಸಾನೇ ಸಿಗುವುದಿಲ್ಲ. ಮನೆ ಅಡ್ವಾನ್ಸ್ ಕೊಡದೆ ಕೋಣೆ ಸಿಗುವುದಿಲ್ಲ. ಬ್ರಿಟನ್ನಿನ ಕೆಲವು ವಿಶ್ವವಿದ್ಯಾಲಯಗಳು ಭೇಟಿ ವಿದ್ಯಾರ್ಥಿಗಳಿಂದಲೂ ಜಾಗ, ಸೌಲಭ್ಯಗಳ ಬಳಕೆಗೆ ಬೆಂಚ್ ಫೀ ಅಂತ ವಸೂಲಿ ಮಾಡುತ್ತವೆ. ಕೂಲಿ ಮಾಡುವ ತಾಯಿಯ ಮಗಳು ಮೂರು ಲಕ್ಷ ಎಲ್ಲಿಂದ ತರಬೇಕು? ಬಡ್ಡಿಗೆ ಸಾಲ ಮಾಡಿ ಹೋದವರನ್ನು ನಾನು ಬಲ್ಲೆ. ವಾಪಸ್ ಬಂದು ವರ್ಷವಾದರೂ ಬಿಲ್ ಪಾಸಾಗದೆ ಓಡಾಡಿದವರನ್ನೂ ಬಲ್ಲೆ.

ಹೆಣ್ಣುಮಕ್ಕಳ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಶಿಕ್ಷಣ ವಿಭಾಗಗಳಲ್ಲಿ ಸಂಶೋಧನೆ ಮಾಡುವ ಮಹಿಳೆಯರು ಬಹಳ. ಮದುವೆಯಾಗಿರುತ್ತದೆ, ಚಿಕ್ಕ ಮಕ್ಕಳಿರುತ್ತಾರೆ, ಮನೆಯಲ್ಲಿ ವಯಸ್ಸಾದವರಿರುತ್ತಾರೆ. ಆರು ತಿಂಗಳು ಒಂದೇ ಉಸಿರಿಗೆ ಹೋಗಿಬನ್ನಿ ಅಂದರೆ ಅವರಲ್ಲಿ ಹೆಚ್ಚಿನವರು ಅರ್ಜಿಯನ್ನೇ ಹಾಕುವುದಿಲ್ಲ. ಆರು ವಾರದ ಎರಡು ಭೇಟಿಯಾಗಿ ಒಡೆಯಲು ಅವಕಾಶ ಕೊಡಿ. ಮಗುವನ್ನು ಕರೆದುಕೊಂಡು ಹೋಗುವವರಿಗೆ ಸ್ವಲ್ಪ ಹೆಚ್ಚಿನ ಭತ್ಯೆ ಕೊಡಿ. ಯುಜಿಸಿ ಪಿಎಚ್‌ಡಿ ಅವಧಿಯಲ್ಲಿ ಮಹಿಳೆಯರಿಗೆ 240 ದಿನದವರೆಗೆ ಹೆರಿಗೆ, ಶಿಶುಪಾಲನಾ ರಜೆ ಕೊಟ್ಟಿದೆ, ಎರಡು ವರ್ಷ ಹೆಚ್ಚುವರಿ ಸಮಯವನ್ನೂ ಕೊಟ್ಟಿದೆ. ಅದೇ ತಿಳಿವಳಿಕೆ ಇಲ್ಲೂ ಇರಲಿ.

ಎಲ್ಲಿಗೆ ಕಳಿಸಬೇಕು? ಅಮೆರಿಕ ಅಂದ ತಕ್ಷಣ ಎಲ್ಲರ ಕಣ್ಣು ಅರಳುತ್ತದೆ. ಹೋಗಲಿ, ಅಲ್ಲಿ ಕಲಿಯುವುದು ಬೇಕಾದಷ್ಟಿದೆ. ಇಲಿನಾಯ್ಸ್ ವಿಶ್ವವಿದ್ಯಾಲಯದಲ್ಲಿ ಪ್ಲೇಟೊ ಅನ್ನುವ ಕಂಪ್ಯೂಟರ್ ಪಾಠ ವ್ಯವಸ್ಥೆ ಶುರುವಾದದ್ದು 1960ರಲ್ಲಿ. ಆದರೆ ನಮ್ಮ ಪ್ರಶ್ನೆಗಳಿಗೆ ಹತ್ತಿರದ ಉತ್ತರ ಬೇರೆ ಕಡೆಯೂ ಇದೆ. ಎಸ್ಟೋನಿಯ ಅನ್ನುವ ಪುಟ್ಟ ದೇಶ ನೋಡಿ. ಸೋವಿಯತ್ ಒಕ್ಕೂಟದಿಂದ ಹೊರಬಂದ ಕೆಲವೇ ವರ್ಷಗಳಲ್ಲಿ, 1990ರ ದಶಕದ ನಡುವಿನಲ್ಲಿ, ಟೈಗರ್ ಲೀಪ್ ಅನ್ನುವ ಯೋಜನೆ ಹಾಕಿ ಶಾಲೆಗಳಿಗೆಲ್ಲ ಕಂಪ್ಯೂಟರ್, ಇಂಟರ್‌ನೆಟ್ ತಂದರು. ನಮ್ಮ ಬೆಂಗಳೂರಿನ ಜನಸಂಖ್ಯೆಯ ಪಕ್ಕದಲ್ಲಿ ಆ ಇಡೀ ದೇಶದ್ದು ಏನೂ ಅಲ್ಲ. ತಮ್ಮ ಸಣ್ಣ ಭಾಷೆಯಲ್ಲೇ ಇದನ್ನೆಲ್ಲ ಹೇಗೆ ಮಾಡಿದರು ಅನ್ನುವುದು ಕನ್ನಡದವರು ಹೋಗಿ ನೋಡಬೇಕಾದ ವಿಷಯ. ಉರುಗ್ವೆ 2007ರಲ್ಲಿ ಪ್ಲಾನ್ ಸೆಯ್ಬಲ್ ಅಂತ ಶುರುಮಾಡಿ ಸರ್ಕಾರಿ ಪ್ರಾಥಮಿಕ ಶಾಲೆಯ ಪ್ರತಿ ಮಗುವಿಗೂ ಲ್ಯಾಪ್‌ಟಾಪ್ ಕೊಟ್ಟಿತು. ಅದೇ ಖಂಡದ ಪೆರು ಕೂಡ ಲ್ಯಾಪ್‌ಟಾಪ್ ಹಂಚಿತು. ಆದರೆ 2012ರಲ್ಲಿ ಬಂದ ಅಧ್ಯಯನದಲ್ಲಿ ಮಕ್ಕಳ ಗಣಿತ, ಭಾಷೆಯ ಕಲಿಕೆಯಲ್ಲಿ ಏರಿಕೆ ಕಾಣಲಿಲ್ಲ. ಯಂತ್ರ ಕೊಟ್ಟ ಮಾತ್ರಕ್ಕೆ ಕಲಿಕೆ ಬರುವುದಿಲ್ಲ ಅಂತ ಪೆರುವಿನಿಂದ ಕಲಿಯುವುದು ಕೂಡ ದೊಡ್ಡ ಕಲಿಕೆ.

ನನಗೆ ತುಂಬ ಹಿಡಿಸಿದ್ದು ಕೀನ್ಯಾ. ಅಲ್ಲಿ 2015ರಿಂದ ತುಸೋಮೆ ಅನ್ನುವ ಓದು ಕಾರ್ಯಕ್ರಮ ದೇಶದಾದ್ಯಂತ ನಡೆಯಿತು. ಅವರು ಟ್ಯಾಬ್‌ಗಳನ್ನು ಮಕ್ಕಳಿಗೆ ಕೊಡಲಿಲ್ಲ. ಶಾಲೆಯಿಂದ ಶಾಲೆಗೆ ಹೋಗಿ ಶಿಕ್ಷಕರಿಗೆ ಬೆಂಬಲ ಕೊಡುವ ಅಧಿಕಾರಿಗಳಿಗೆ ಕೊಟ್ಟರು. ನಮ್ಮ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳ (ಸಿಆರ್‌ಪಿ) ಹಾಗೆ. ಆ ಅಧಿಕಾರಿಗಳು ತರಗತಿಯಲ್ಲಿ ಕೂತು ಪಾಠ ನೋಡಿ, ಕೆಲವು ಮಕ್ಕಳನ್ನು ಓದಿಸಿ, ಅದನ್ನು ಟ್ಯಾಬ್‌ನಲ್ಲಿ ದಾಖಲಿಸಿ, ಆಮೇಲೆ ಟೀಚರ್ ಜೊತೆ ಮಾತಾಡುತ್ತಿದ್ದರು. ನಮ್ಮ ಸಿಆರ್‌ಪಿ ಇವತ್ತು ಫೋನ್ ಹಿಡಿದು ಏನು ಮಾಡುತ್ತಿದ್ದಾರೆ? ಅಂಕಿಅಂಶ ಅಪ್‌ಲೋಡ್ ಮಾಡುತ್ತಿದ್ದಾರೆ, ವಾಟ್ಸಾಪ್ ಗುಂಪಿನಲ್ಲಿ ಬಂದ ನಮೂನೆ ತುಂಬುತ್ತಿದ್ದಾರೆ. ಪಾಠ ನೋಡಲು ಅವರಿಗೆ ಸಮಯವೆಲ್ಲಿ? ನಮ್ಮ ಒಬ್ಬ ಪಿಎಚ್‌ಡಿ ವಿದ್ಯಾರ್ಥಿ ಮೂರು ತಿಂಗಳು ನೈರೋಬಿಯಲ್ಲಿ ಇದ್ದು, ಅಲ್ಲಿ ಏನು ಉಳಿಯಿತು ಏನು ಬಿದ್ದುಹೋಯಿತು ಅಂತ ನೋಡಿಬಂದರೆ ಅದು ಯಾವ ಯುರೋಪಿನ ಭೇಟಿಗೂ ಕಡಿಮೆಯಲ್ಲ. ಖರ್ಚೂ ಕಡಿಮೆ.

ಜಗತ್ತು ಈಗ ಈ ವಿಷಯದಲ್ಲಿ ಎರಡು ಮನಸ್ಸಿನಲ್ಲಿದೆ. ಸ್ವೀಡನ್ ಸರ್ಕಾರ 2023ರಲ್ಲಿ ಶಾಲೆಗಳಿಗೆ ಮತ್ತೆ ಅಚ್ಚಿನ ಪುಸ್ತಕ ಕೊಳ್ಳಲು ಹಣ ಕೊಟ್ಟಿತು. ಅದೇ ವರ್ಷ ಯುನೆಸ್ಕೊ ತನ್ನ ಜಾಗತಿಕ ಶಿಕ್ಷಣ ವರದಿಯನ್ನು ತಂತ್ರಜ್ಞಾನಕ್ಕೇ ಮೀಸಲಿಟ್ಟು, ತಂತ್ರಜ್ಞಾನ ಯಾರ ಷರತ್ತಿನ ಮೇಲೆ ಬರಬೇಕು ಅಂತ ಕೇಳಿತು. ನಾವು ಎಐ ಪಾಠ ತರಗತಿಗೆ ತರಲು ಹೊರಟಿರುವ ಈ ಹೊತ್ತಿನಲ್ಲಿ ಆ ಚರ್ಚೆ ನಡೆಯುವ ಕಡೆ ನಮ್ಮವರೂ ಇರಬೇಕು. ನಮ್ಮ ಶಾಲೆಗಳ ಅನುಭವ ಹೇಳಲೂ ಬೇಕು.

ಹೋದವರು ಅಲ್ಲೇ ಉಳಿದುಬಿಡುತ್ತಾರೆ ಅನ್ನುವ ಭಯ ನಿಮಗಿರಬಹುದು. ಪೂರ್ತಿ ಪಿಎಚ್‌ಡಿಗೆ ಹೋದವರ ವಿಷಯದಲ್ಲಿ ಆ ಭಯಕ್ಕೆ ಕಾರಣ ಇದೆ. ಇವರ ನೋಂದಣಿ ಇಲ್ಲಿ, ಗೈಡ್ ಇಲ್ಲಿ, ಶಾಲೆಗಳು ಇಲ್ಲಿ, ಎಷ್ಟೋ ಜನರ ನೌಕರಿಯೂ ಇಲ್ಲಿ. ಬೇಕಾದರೆ ಷರತ್ತು ಹಾಕಿ. ಬಂದ ಮೇಲೆ ತಮ್ಮ ಜಿಲ್ಲೆಯ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಲ್ಲಿ (ಡಯಟ್) ಶಿಕ್ಷಕರಿಗೆ ಕಲಿತದ್ದನ್ನು ಕನ್ನಡದಲ್ಲಿ ಹೇಳಿಕೊಡಬೇಕು. ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ ಡಿಎಸ್‌ಇಆರ್‌ಟಿಗೆ ಕನ್ನಡದಲ್ಲೇ ಒಂದು ವರದಿ ಕೊಡಬೇಕು, ಅದನ್ನು ಎಲ್ಲರೂ ಓದುವ ಹಾಗೆ ಪ್ರಕಟಿಸಬೇಕು. ಈ ಷರತ್ತಿಗೆ ನಮ್ಮ ಯಾವ ವಿದ್ಯಾರ್ಥಿಯೂ ಬೇಡ ಅನ್ನುವುದಿಲ್ಲ.

ಶಾಲೆಗೆ ಶೌಚಾಲಯ ಇಲ್ಲ, ಶಿಕ್ಷಕರ ಹುದ್ದೆ ಖಾಲಿ ಇದೆ, ವಿದೇಶ ಭೇಟಿಗೆ ಹಣ ಯಾಕೆ ಅಂತಲೂ ಕೇಳಬಹುದು. ನಾನೂ ಅಂಥ ಶಾಲೆಯಿಂದಲೇ ಬಂದವಳು. ಅವುಗಳ ಹಣ ಕಿತ್ತು ಇದಕ್ಕೆ ಕೊಡಿ ಅಂತ ನಾನು ಯಾವತ್ತೂ ಕೇಳುವುದಿಲ್ಲ. ತಂತ್ರಜ್ಞಾನ ಕೊಳ್ಳಲು ಈಗಾಗಲೇ ತೆಗೆದಿಟ್ಟ ಹಣದಿಂದ ಕೇಳುತ್ತಿದ್ದೇನೆ. ಬಳಕೆಗೆ ಬಾರದೆ ಕೋಣೆಯಲ್ಲಿ ಧೂಳು ತಿನ್ನುವ ಕಂಪ್ಯೂಟರ್‌ಗಳನ್ನು ನೀವೂ ಶಾಲೆ ಭೇಟಿಯಲ್ಲಿ ನೋಡಿರುತ್ತೀರಿ.

ಇದು ಪರಿಷತ್ತಿಗೆ ಹೊಸದೂ ಅಲ್ಲ. ನೀವು ಬ್ರಿಟಿಷ್ ಕೌನ್ಸಿಲ್ ಜೊತೆ ಸೇರಿ 'ಸ್ಕೌಟ್' ಅನ್ನುವ ವಿದೇಶ ಭೇಟಿ ಕಾರ್ಯಕ್ರಮದಡಿ ಸರ್ಕಾರಿ ವಿಶ್ವವಿದ್ಯಾಲಯಗಳ ಪದವಿ ವಿದ್ಯಾರ್ಥಿಗಳನ್ನು ಲಿವರ್‌ಪೂಲ್‌ಗೆ ಕಳಿಸಿದ್ದಿರಿ. ಮೊದಲ ಸಲ ವಿಮಾನ ಹತ್ತಿದ ಮಕ್ಕಳೂ ಅದರಲ್ಲಿದ್ದಿರಬೇಕು. ಆ ಸುದ್ದಿ ಓದಿದಾಗ ನನಗೆ ನಿಜಕ್ಕೂ ಸಂತೋಷವಾಗಿತ್ತು. ಪದವಿಯವರಿಗೆ ಆ ಕೆಲಸ ಮಾಡಲು ಬಂದ ಮೇಲೆ ಪಿಎಚ್‌ಡಿಯವರಿಗೂ ಮಾಡಲು ಬರುತ್ತದೆ. ಒಡಂಬಡಿಕೆಗೆ ಸಹಿ ಹಾಕಿ ಫೋಟೋ ತೆಗೆಸಿಕೊಂಡು ಮರೆತುಬಿಡುವ ಬದಲು, ಇಂಥ ವಿಭಾಗದ ಇಂಥ ತಂಡ ವರ್ಷಕ್ಕೆ ನಮ್ಮ ಇಬ್ಬರನ್ನು ತೆಗೆದುಕೊಳ್ಳುತ್ತದೆ ಅಂತ ಹೆಸರು ಹಿಡಿದು ಬರೆಯಿಸಿಕೊಳ್ಳಿ. ನಮ್ಮ ಎಷ್ಟೋ ಗೈಡ್‌ಗಳಿಗೆ ಹೊರಗಿನ ಪರಿಚಯ ಇಲ್ಲ, ಅದು ಅವರ ತಪ್ಪೂ ಅಲ್ಲ. ಆ ಪರಿಚಯವನ್ನು ಪರಿಷತ್ತು ಮಾಡಿಕೊಟ್ಟರೆ ಕನ್ನಡ ಮಾಧ್ಯಮದಲ್ಲಿ ಓದಿದ, ಇಂಗ್ಲಿಷ್‌ನಲ್ಲಿ ಪ್ರೊಫೆಸರ್‌ಗೆ ಪತ್ರ ಬರೆಯಲು ಹಿಂಜರಿಯುವ ಹುಡುಗಿಗೂ ದಾರಿ ಸಿಗುತ್ತದೆ. ಆಯ್ಕೆಯಲ್ಲಿ ಇಂಗ್ಲಿಷ್ ಮಾತಿನ ಓಘವನ್ನು ನೋಡಬೇಡಿ. ಸಂಶೋಧನೆಯ ಪ್ರಶ್ನೆ ನೋಡಿ, ಶಾಲೆಯಲ್ಲಿ ಮಾಡಿದ ಕೆಲಸ ನೋಡಿ.

ಮುಂದಿನ ಬಜೆಟ್ ತಯಾರಿಯ ಸಭೆಗಳು ಶುರುವಾಗುವ ಮೊದಲು ಇದನ್ನು ಕಾರ್ಯಸೂಚಿಗೆ ಸೇರಿಸಿ. ಮೊದಲ ವರ್ಷ ಹತ್ತೇ ಜನರಿಂದ ಶುರುಮಾಡಿದರೂ ಸರಿ, ಅದರಲ್ಲಿ ಅರ್ಧದಷ್ಟು ಕಲ್ಯಾಣ ಕರ್ನಾಟಕದವರಿರಲಿ. ಅನುಮತಿಯ ಸುತ್ತೋಲೆಗೆ ಬಜೆಟ್ ಕೂಡ ಬೇಕಿಲ್ಲ, ಅದನ್ನು ಈ ತಿಂಗಳೇ ಹೊರಡಿಸಬಹುದು. ಕರಡು ನಿಯಮ, ಕನ್ನಡದ ಒಪ್ಪಿಗೆ ಪತ್ರದ ಮಾದರಿ, ಖರ್ಚಿನ ಪಟ್ಟಿ ಇವನ್ನೆಲ್ಲ ನಾವು ಕೆಲವು ಸಂಶೋಧಕರು, ಶಿಕ್ಷಕರು ಕೂತು ಬರೆದುಕೊಡಲು ತಯಾರಿದ್ದೇವೆ. ಕರೆದ ದಿನ ಬರುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಸರ್ಕಾರಿ ವಿಶ್ವವಿದ್ಯಾಲಯವೊಂದರ ಶಿಕ್ಷಣ ವಿಭಾಗದ ಹಳೆಯ ಸಂಶೋಧನಾ ವಿದ್ಯಾರ್ಥಿನಿ